ಸುಪೀರಿಯರ್ ಅಂದ್ರೆ ಕೆರೆ ಅಲ್ಲ

ಸೆಪ್ಟೆಂಬರ್ ಶುರುವಲ್ಲಿ ಬರೋ ಅಮೆರಿಕದ ಲೇಬರ್ ಡೇ ರಜೆಗೆ ಸುಪೀರಿಯರ್ ಸರೋವರದ ಕಡೆ ಹೋಗೋಣ ಅಂತ ಬೆಳಿಗ್ಗೆ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಪ್ಲಾನ್ ಬಂತು. ಶನಿವಾರ ಮಿನ್ನೆಸೋಟ ದಡದ ಗ್ರ್ಯಾಂಡ್ ಪೋರ್ಟೇಜ್, ಭಾನುವಾರ ಐಲ್ ರಾಯಲ್, ಸೋಮವಾರ ಮಿಶಿಗನ್ ದಡದ ಪಿಕ್ಚರ್ಡ್ ರಾಕ್ಸ್ ಬಂಡೆಗಳು. ಜೊತೆಗೆ ಊರಿಂದ ಬಂದಿರೋ ವಯಸ್ಸಾದ ಅಪ್ಪ ಅಮ್ಮ. ಓದಿ ಮೈಯೆಲ್ಲ ಉರೀತು.

ಸುಪೀರಿಯರ್ ಕೆರೆ ಅಲ್ಲ ಕಣ್ರೀ. ಸುಮಾರು 82,000 ಚದರ ಕಿಲೋಮೀಟರ್. ಕರ್ನಾಟಕದ ಐದರಲ್ಲಿ ಎರಡು ಪಾಲು ಬರೀ ನೀರು ಅಂದ್ಕೊಳ್ಳಿ. ಐಲ್ ರಾಯಲ್ ಆ ನೀರಿನೊಳಗಿನ ದ್ವೀಪ. ಸೇತುವೆ ಇಲ್ಲ, ಅಲ್ಲಿ ಕಾರು ಓಡಲ್ಲ. ಗ್ರ್ಯಾಂಡ್ ಪೋರ್ಟೇಜ್‌ನಿಂದ ದ್ವೀಪದ ಪಶ್ಚಿಮ ತುದಿಯ ವಿಂಡಿಗೋಗೆ ಬೋಟಲ್ಲಿ ಎರಡು ಗಂಟೆ ಹತ್ತಿರ, ಮಿಶಿಗನ್‌ನ ಹೋಟನ್ ಊರಿಂದ ದ್ವೀಪದ ಇನ್ನೊಂದು ತುದಿಯ ರಾಕ್ ಹಾರ್ಬರ್‌ಗೆ ಆರು ಗಂಟೆ. ಗಾಳಿ ಎದ್ದರೆ, ಮಂಜು ಕವಿದರೆ ಬೋಟ್ ಹೊರಡೋದೇ ಇಲ್ಲ. ಅದಕ್ಕೇ ಉಳಿಯೋರು ಒಂದು ದಿನದ ಊಟ, ಬಿಪಿ-ಶುಗರ್ ಮಾತ್ರೆ ಹೆಚ್ಚಿಗೆ ಇಟ್ಕೊಂಡಿರಬೇಕು. ದ್ವೀಪದ ಗಡಿಯಾರ ಗ್ರ್ಯಾಂಡ್ ಪೋರ್ಟೇಜ್‌ಗಿಂತ ಒಂದು ಗಂಟೆ ಮುಂದೆ. ವಾಪಸ್ ಬೋಟಿನ ಟೈಮು ಯಾವ ಗಡಿಯಾರದ ಪ್ರಕಾರ ಅಂತ ಹತ್ತೋ ಮೊದಲೇ ಕೇಳಿ.

ಇನ್ನು ನೀರು. ಕನ್ನಡಿ ಥರ ಕಾಣುತ್ತೆ, ಆದ್ರೆ ಹಾಗೇ ಕುಡಿಯಬೇಡಿ. ಅಲ್ಲಿನ ತೋಳಗಳ ಹೊಟ್ಟೇಲಿ ಒಂದು ಲಾಡಿಹುಳು ಇರುತ್ತೆ. ಅದರ ಮೊಟ್ಟೆ ತೋಳದ ಮಲದಿಂದ ನೀರಿಗೆ, ಹುಲ್ಲಿಗೆ ಸೇರಿ, ಮೂಸ್ ಅನ್ನೋ ದೊಡ್ಡ ಜಿಂಕೆಯ ಶ್ವಾಸಕೋಶದಲ್ಲಿ ಗಂಟಾಗಿ ಕೂರುತ್ತೆ. ಆ ಮೂಸನ್ನ ತಿಂದ ತೋಳಕ್ಕೆ ಮತ್ತೆ ಹುಳು. ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ನಮಗೂ ಗಂಟು. ಕ್ಲೋರಿನ್ ಮಾತ್ರೆ, ನೀರಿಗೆ ಅದ್ದೋ ಯುವಿ ಬೆಳಕಿನ ಪೆನ್ನು ನಂಬಬೇಡಿ. 0.4 ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಫಿಲ್ಟರಲ್ಲಿ ಸೋಸಿ, ಇಲ್ಲಾ ಒಂದು ನಿಮಿಷ ಕೊತಕೊತ ಕುದಿಸಿ. ವಿಂಡಿಗೋ, ರಾಕ್ ಹಾರ್ಬರ್‌ಗಳಲ್ಲಿ ಸೀಸನ್ನಲ್ಲಿ ಕುಡಿಯೋ ನೀರಿನ ನಲ್ಲಿ ಇದೆ.

"ರಜೆ ಸಿಗೋದೇ ಮೂರು ದಿನ, ಎಲ್ಲಾ ಒಟ್ಟಿಗೆ ನೋಡೋಣ" ಅಂತೀರಿ. ರಜೆ ಕಮ್ಮಿ ಅನ್ನೋದು ನಿಜ. ಹಾಗಾದ್ರೆ ಜಾಗಾನೂ ಕಮ್ಮಿ ಮಾಡಿ! ಗ್ರ್ಯಾಂಡ್ ಪೋರ್ಟೇಜ್‌ನಿಂದ ಪಿಕ್ಚರ್ಡ್ ರಾಕ್ಸ್‌ಗೆ ಸರೋವರದ ಪಶ್ಚಿಮ ತುದಿಯ ದುಲುತ್ ಊರು ಬಳಸಿಕೊಂಡು ಹೆಚ್ಚುಕಮ್ಮಿ ಎಂಟು ಗಂಟೆ ಡ್ರೈವಿಂಗ್. ಅದನ್ನ ಇನ್ನೊಂದು ಸಲಕ್ಕೆ ಬಿಡಿ.

ನನಗೆ ಜಾಸ್ತಿ ಸಂಕಟ ಆಗೋದು ಗ್ರ್ಯಾಂಡ್ ಪೋರ್ಟೇಜನ್ನ ಬರೀ ಬೋಟ್ ಹತ್ತೋ ಜಾಗ ಅಂತ ನೋಡಿದಾಗ. ಅದು ರಾಷ್ಟ್ರೀಯ ಸ್ಮಾರಕ, ಅಲ್ಲಿನ ಮೂಲನಿವಾಸಿ ಓಜಿಬ್ವೆ ಜನರ ನೆಲ. ದೋಣಿ ಹೋಗಲಾರದ ಪಿಜನ್ ನದಿಯ ಜಲಪಾತಗಳನ್ನ ತಪ್ಪಿಸೋಕೆ ಎಂಟೂವರೆ ಮೈಲಿ ಕಾಲುದಾರಿ. ಪ್ರಾಣಿಗಳ ತುಪ್ಪುಳು-ಚರ್ಮದ ವ್ಯಾಪಾರದ ಕಾಲದಲ್ಲಿ ಕೂಲಿಗಳು ತಲಾ 41 ಕಿಲೋದ ಎರಡು ಮೂಟೆ ಒಂದರ ಮೇಲೊಂದು ಹೇರಿ, ಹಣೆಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಹೊತ್ತ ದಾರಿ. ಬೋಟ್ ಇಲ್ಲದ ದಿನ ಅಪ್ಪ ಅಮ್ಮನಿಗೆ ಅಲ್ಲಿನ ಹೆರಿಟೇಜ್ ಸೆಂಟರ್ ತೋರಿಸಿ, ಪ್ರವೇಶ ಉಚಿತ. ಆ ಕಾಲದ ದೋಣಿಗೆ ಬರ್ಚ್ ಮರದ ತೊಗಟೆ ಹೊಲಿಯೋದು ಬೇರಿನ ನಾರಲ್ಲಿ; ಆ ಹೊಲಿಗೇನ ಹತ್ತಿರ ಹೋಗಿ ನೋಡೋಕೆ ಹೇಳಿ.