ಎರಡು ಒಳ್ಳೆಯ ಸ್ಪೀಕರ್ ಮೊದಲು, ಸಬ್‌ವೂಫರ್ ಕೊನೆಗೆ

ಮನೆಯಲ್ಲಿ ಹಾಡು ಕೇಳಲು 25,000 ರೂಪಾಯಿಯೊಳಗೆ ಏನು ಕೊಳ್ಳಲಿ ಎಂದು ಯಾರೇ ಕೇಳಿದರೂ ನನ್ನ ಉತ್ತರ ಒಂದೇ. ಎರಡು ಒಳ್ಳೆಯ ಸ್ಪೀಕರ್ ಕೊಳ್ಳಿ, ಅವನ್ನು ನಡೆಸಲು ಒಂದು ಚಿಕ್ಕ ಆಂಪ್ಲಿಫೈಯರ್ ಕೊಳ್ಳಿ, ಸದ್ಯಕ್ಕೆ ಅಲ್ಲಿಗೇ ನಿಲ್ಲಿ. ಅಂಗೈಯಷ್ಟಿರುವ ಐದು ಡಬ್ಬಿ ಮತ್ತು ಟೀಪಾಯಿಯಡಿ ತುರುಕುವ, ಕೆಳಗಿನ ಸ್ವರಗಳನ್ನು ಮಾತ್ರ ನುಡಿಸುವ ಒಂದು ಸಬ್‌ವೂಫರ್ ಸೇರಿದ ಹೋಮ್ ಥಿಯೇಟರ್ ಸೆಟ್ ಈ ಬೆಲೆಯಲ್ಲಿ ಬೇಡವೇ ಬೇಡ. ಅಷ್ಟೇ ಹಣವನ್ನು ಆರು ಪೆಟ್ಟಿಗೆಗಳಿಗೆ ಹಂಚಿದರೆ ಒಂದೊಂದಕ್ಕೂ ಎಷ್ಟು ದಕ್ಕುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಮನುಷ್ಯನ ಕಂಠಕ್ಕೆ ಮೈ ಬರುವ ಜಾಗವೇ ಅಂಥ ಸೆಟ್‌ಗಳಲ್ಲಿ ಖಾಲಿ. ಪುಟ್ಟ ಡಬ್ಬಿಗಳು ಅಷ್ಟು ಕೆಳಗಿಳಿಯಲಾರವು, ಸಬ್‌ವೂಫರ್ ಅಷ್ಟು ಮೇಲೇರಿ ಸ್ಪಷ್ಟವಾಗಿ ನುಡಿಯಲಾರದು. ಗಾಯನವನ್ನೇ ಹೆಚ್ಚಾಗಿ ಕೇಳುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ವ್ಯಾಟ್ ಹೆಸರಿನಲ್ಲಿ ನಡೆಯುವ ಮೋಸ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಪೆಟ್ಟಿಗೆಯ ಮೇಲೆ 5,000 ವ್ಯಾಟ್, 10,000 ವ್ಯಾಟ್ ಪಿಎಂಪಿಒ ಎಂದು ದೊಡ್ಡದಾಗಿ ಬರೆದಿರುತ್ತದೆ. ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ತಯಾರಕರು ಹಾಕಿದ್ದೇ ಅಂಕಿ. ಅದೇ ಸೆಟ್ಟನ್ನು ಹಿಂದೆ ತಿರುಗಿಸಿ, ವಿದ್ಯುತ್ ಬಳಕೆ ಎಷ್ಟು ಎಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿರುವುದನ್ನು ಓದಿ. ಗೋಡೆಯ ಸಾಕೆಟ್ಟಿನಿಂದ 60 ವ್ಯಾಟ್ ಎಳೆಯುವ ಯಂತ್ರ ಸ್ಪೀಕರಿಗೆ ಸಾವಿರಾರು ವ್ಯಾಟ್ ಎಲ್ಲಿಂದ ತಂದು ಕೊಟ್ಟೀತು? ಸತತವಾಗಿ ಕೊಡಬಲ್ಲ ನಿಜವಾದ ಶಕ್ತಿಯನ್ನು ಹೇಳುವ, ಆರ್‌ಎಂಎಸ್ ಎಂದು ಬರೆದ ಅಂಕಿ ಎಲ್ಲಿದೆ ಎಂದು ಹುಡುಕಿ. ಅದು ಎಲ್ಲೂ ಇಲ್ಲದಿದ್ದರೆ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಬನ್ನಿ.

ಅದಕ್ಕೂ ಮುಖ್ಯವಾದದ್ದು ಸ್ಪೀಕರಿನ ಸೆನ್ಸಿಟಿವಿಟಿ. ಅದನ್ನು ಸದ್ದಿನ ಅಳತೆಯಾದ ಡೆಸಿಬೆಲ್‌ನಲ್ಲಿ ಹೇಳುತ್ತಾರೆ. 87 ಡೆಸಿಬೆಲ್ ಎಂದು ಬರೆದಿದ್ದರೆ, ಸುಮಾರು ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ ಎಂದರ್ಥ. ಒಂದೇ ವ್ಯಾಟ್‌ಗೆ 87 ಡೆಸಿಬೆಲ್ ಎಂದರೆ ಕಡಿಮೆಯಲ್ಲ. ಮನೆಯವರೊಡನೆ ಮಾತಾಡಬೇಕಾದರೆ ದನಿ ಏರಿಸಲೇಬೇಕಾಗುತ್ತದೆ. ವ್ಯಾಟ್ ಎರಡು ಪಟ್ಟಾದರೆ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿಯಾಯಿತು ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ವ್ಯಾಟ್ ಬೇಕು. ಹಾಗಾಗಿ 50 ವ್ಯಾಟ್ ಆಂಪ್ಲಿಫೈಯರ್ ಬಿಟ್ಟು 100 ವ್ಯಾಟ್‌ನದಕ್ಕೆ ಹಣ ಸುರಿದರೆ ಸಿಗುವುದು ತೀರಾ ಅಲ್ಪ. ಅದೇ 84ರ ಬದಲು 90 ಡೆಸಿಬೆಲ್ ಸ್ಪೀಕರ್ ಆರಿಸಿಕೊಂಡರೆ ಆಂಪ್ಲಿಫೈಯರಿನ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದಂತೆ.

ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆಯಾದ ಬೆಂಗಳೂರಿನ ಎಸ್.ಪಿ. ರಸ್ತೆಯ ಬಗ್ಗೆ ನನಗೆ ಬಹಳ ಗೌರವವಿದೆ. ಎಲ್‌ಎ 4440, ಟಿಡಿಎ 2030 ಚಿಪ್‌ಗಳ ಆಂಪ್ಲಿಫೈಯರ್ ಬೋರ್ಡು, 5200-1943 ಟ್ರಾನ್ಸಿಸ್ಟರ್ ಜೋಡಿಯ ಬೋರ್ಡು, 12-0-12 ಟ್ರಾನ್ಸ್‌ಫಾರ್ಮರ್ ಇವುಗಳಿಂದ ಎಷ್ಟೋ ಮನೆಗಳಿಗೆ, ಭಜನಾ ಮಂಡಳಿಗಳಿಗೆ, ಗಣಪತಿ ಪೆಂಡಾಲುಗಳಿಗೆ ದನಿ ಬಂದಿದೆ. ಬೆಸುಗೆ ಹಾಕಲು ಬರುವವರಿಗೆ ಇಂದಿಗೂ ಆ ದಾರಿ ತೆರೆದೇ ಇದೆ. ಟ್ರಾನ್ಸ್‌ಫಾರ್ಮರಿನ ಸುತ್ತು ಅಲ್ಯೂಮಿನಿಯಮ್‌ನದ್ದಲ್ಲ, ತಾಮ್ರದ್ದೇ ಎಂದು ಕೇಳಿಯೇ ಕೊಳ್ಳಿ, ಅಷ್ಟೇ. ಆದರೆ ಬೆಸುಗೆಯ ಗೋಜು ಬೇಡದವರಿಗೆ ಈಗ ಕ್ಲಾಸ್ ಡಿ ಆಂಪ್ಲಿಫೈಯರುಗಳು ಬಂದಿವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಪಿಎ 3116, ಟಿಪಿಎ 3255 ಚಿಪ್‌ಗಳ ಮೇಲೆ ಕಟ್ಟಿದ ಈ ಯಂತ್ರಗಳು ಒಂದು ದಪ್ಪ ಪುಸ್ತಕದಷ್ಟು ಗಾತ್ರದವು, ಹೆಚ್ಚು ಬಿಸಿಯಾಗುವುದಿಲ್ಲ, ವಿದ್ಯುತ್ ಪೋಲು ಮಾಡುವುದಿಲ್ಲ. ಸಾಧಾರಣ ಹಾಲ್‌ಗೆ 3116 ಚಿಪ್ಪೇ ಧಾರಾಳ.

ಇಲ್ಲಿಯೂ ಅಂಕಿಯ ಆಟ ಇದೆ ಎಂಬುದನ್ನು ಮರೆಯಬೇಡಿ. 3255 ಚಿಪ್ ಇರುವ ಆಂಪ್ಲಿಫೈಯರನ್ನು ಪ್ರತಿ ಸ್ಪೀಕರಿಗೆ 300 ವ್ಯಾಟ್ ಎಂದು ಮಾರುತ್ತಾರೆ. ಆ ಅಂಕಿ ಸುಮಾರು 50 ವೋಲ್ಟಿನ ದೊಡ್ಡ ಪವರ್ ಸಪ್ಲೈ ಕೊಟ್ಟು, 10 ಶೇಕಡಾ ವಿಕೃತಿಯನ್ನು ಒಪ್ಪಿಕೊಂಡಾಗ ಬರುವಂಥದ್ದು. 10 ಶೇಕಡಾ ವಿಕೃತಿ ಎಂದರೆ ಕಂಠ ಕಿತ್ತುಹೋದಂತೆ ಕೇಳಿಸುವ ಸ್ಥಿತಿ. ಜೊತೆಗೆ ಬರುವ ಅಡಾಪ್ಟರ್ 32 ವೋಲ್ಟ್, 5 ಆಂಪಿಯರ್‌ನದಾದರೆ ಗುಣಿಸಿ ನೋಡಿ: ಒಟ್ಟು 160 ವ್ಯಾಟ್, ಅದರಲ್ಲೇ ಎರಡೂ ಸ್ಪೀಕರುಗಳು ಪಾಲು ಹಂಚಿಕೊಳ್ಳಬೇಕು. ಅದೂ ಮನೆಗೆ ಬೇಕಾದ್ದಕ್ಕಿಂತ ಹೆಚ್ಚೇ. ಆದರೆ ಕೊಳ್ಳುವವರಿಗೆ ಸತ್ಯ ತಿಳಿದಿರಬೇಕು.

ಇನ್ನೊಂದು ಎಚ್ಚರಿಕೆ. ಈ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿನ ಮೈನಸ್ ತುದಿ ಸಾಮಾನ್ಯವಾಗಿ ಗ್ರೌಂಡ್ ಆಗಿರುವುದಿಲ್ಲ. ಹಳೆಯ ರೂಢಿಯಂತೆ ಎಡ ಬಲ ಎರಡರ ಮೈನಸ್ ತಂತಿಗಳನ್ನು ಒಟ್ಟು ಸೇರಿಸಿ ಒಂದೇ ತಂತಿ ಎಳೆದರೆ ಚಿಪ್ ಸುಡಬಹುದು. ಪ್ರತಿ ಸ್ಪೀಕರಿಗೂ ಪ್ರತ್ಯೇಕವಾಗಿ ಎರಡೆರಡು ತಂತಿ ಕೊಡಿ. ತಂತಿಗೆ ಮಾತ್ರ ಹೆಚ್ಚು ಹಣ ಹಾಕಬೇಡಿ. ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಸಿಗುವ 1.5 ಚದರ ಮಿಲಿಮೀಟರ್ ತಾಮ್ರದ ಎರಡೆಳೆ ತಂತಿ ನಾಲ್ಕೈದು ಮೀಟರ್ ದೂರಕ್ಕೆ ಸಂಪೂರ್ಣ ಸಾಕು. ಸಾವಿರಾರು ರೂಪಾಯಿಯ ಸ್ಪೀಕರ್ ಕೇಬಲ್ಲಿನಿಂದ ಕೇಳಿಸುವಂಥ ಲಾಭ ಯಾವುದೂ ಇಲ್ಲ.

ಈಗ ಸ್ಪೀಕರ್. ನನ್ನ ಲೆಕ್ಕದಲ್ಲಿ ಒಟ್ಟು ಹಣದ ಮೂರನೇ ಎರಡು ಭಾಗ ಇಲ್ಲಿಗೇ ಹೋಗಬೇಕು. ಆಂಪ್ಲಿಫೈಯರುಗಳ ನಡುವಿನ ವ್ಯತ್ಯಾಸ ಇಂದು ಬಹಳ ಕಿರಿದಾಗಿದೆ, ಸ್ಪೀಕರುಗಳ ನಡುವಿನದು ಇಂದಿಗೂ ಅಗಾಧ. 1980ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ ಸ್ಪೀಕರುಗಳನ್ನು ಪರದೆಯ ಹಿಂದೆ ಮರೆಮಾಡಿ ಜನರಿಗೆ ಕೇಳಿಸಿದರು. ಹೆಸರು, ಬೆಲೆ, ಗಾತ್ರ ಯಾವುದೂ ಕಾಣದಿದ್ದಾಗ ಹೆಚ್ಚಿನವರ ಆಯ್ಕೆ ಒಂದೇ ಕಡೆಗೆ ವಾಲಿತು. ಯಾವ ಸ್ವರವನ್ನೂ ಉಬ್ಬಿಸದೆ, ಯಾವುದನ್ನೂ ನುಂಗದೆ ಸಮನಾಗಿ ನುಡಿಯುವ ಸ್ಪೀಕರೇ ಜನರಿಗೆ ಹಿಡಿಸಿತು. ಅಂಗಡಿಯಲ್ಲಿ ಐದು ನಿಮಿಷ ಕೇಳಿದಾಗ ಮಾತ್ರ ಇದು ತಲೆಕೆಳಗಾಗುತ್ತದೆ. ಬೇಸ್ (ಕೆಳಗಿನ ಸ್ವರ) ಮತ್ತು ಟ್ರೆಬಲ್ (ಮೇಲಿನ ಸ್ವರ) ಉಬ್ಬಿಸಿದ ಸ್ಪೀಕರ್ ಆ ಕ್ಷಣಕ್ಕೆ ಸೆಳೆಯುತ್ತದೆ, ಮನೆಗೆ ತಂದ ಒಂದು ವಾರದಲ್ಲಿ ತಲೆನೋವು ತರಿಸುತ್ತದೆ. ಆದ್ದರಿಂದ ಅಂಗಡಿಯವರು ಹಾಕುವ ಸದ್ದುಗದ್ದಲದ ಡೆಮೊ ಬಿಡಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಕಂಠ ಹಾಕಿಸಿ. ಸಿ. ಅಶ್ವತ್ಥ್ ಅವರ ದನಿಯ ಒರಟು ಅಂಚು ಕೇಳುತ್ತದೆಯೇ? ಭೀಮಸೇನ ಜೋಶಿಯವರು ಕೆಳಗಿನ ಷಡ್ಜದಲ್ಲಿ ನಿಂತಾಗ ಸ್ವರ ಊದಿಕೊಳ್ಳದೆ ನಿಲ್ಲುತ್ತದೆಯೇ? ಯಕ್ಷಗಾನ ಕೇಳುವವರಾದರೆ ಚಂಡೆಯ ಪೆಟ್ಟು ಹಾಕಿಸಿ. ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳದೆ ಕಲಸಿಹೋದರೆ ಆ ಸ್ಪೀಕರ್ ಬೇಡ.

ಒಳ್ಳೆಯ ಸ್ಪೀಕರ್ ತಂದು ಅದನ್ನು ಶೋಕೇಸಿನ ಗೂಡಿನೊಳಗೆ, ಗೊಂಬೆಗಳ ಮಧ್ಯೆ ಇಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದು ಗೋಡೆಯಿಂದ ಕನಿಷ್ಠ ಒಂದಡಿ ಮುಂದಿರಲಿ. ಎರಡು ಸ್ಪೀಕರ್ ಮತ್ತು ಕೇಳುವವರ ತಲೆ ಸೇರಿ ಸಮಬಾಹು ತ್ರಿಕೋನವಾಗಲಿ. ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗವಾದ ಟ್ವೀಟರ್ ಕಿವಿಯ ಮಟ್ಟಕ್ಕೆ ಬರಲಿ. ಸ್ಟ್ಯಾಂಡಿಗೆ ದುಬಾರಿ ಬೆಲೆ ತೆರಬೇಕಿಲ್ಲ. ಮನೆ ಕಟ್ಟುವ ಕಡೆ ಸಿಗುವ 16 ಇಂಚಿನ ಸಿಮೆಂಟ್ ಸಾಲಿಡ್ ಬ್ಲಾಕ್ ಎರಡನ್ನು ಒಂದರ ಮೇಲೊಂದು ನಿಲ್ಲಿಸಿ ಗಾರೆಯಿಂದ ಗಟ್ಟಿಯಾಗಿ ಕೂಡಿಸಿದರೆ 32 ಇಂಚು ಎತ್ತರ ಬರುತ್ತದೆ. ಅದರ ಮೇಲೆ ಚಿಕ್ಕ ಸ್ಪೀಕರ್ ಇಟ್ಟರೆ ಕುರ್ಚಿಯಲ್ಲಿ ಕೂತವರ ಕಿವಿಗೆ ಟ್ವೀಟರ್ ಸರಿಯಾಗಿ ಎದುರಾಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮಾತ್ರ ಇದು ಬೇಡ, ಅಗಲ ಬುಡದ ಮರದ ಸ್ಟ್ಯಾಂಡ್ ಮಾಡಿಸಿ. ಚಾಪೆಯ ಮೇಲೆ ಕೂತು ಕೇಳುವವರಿಗೆ ಒಂದೇ ಬ್ಲಾಕ್ ಸಾಕು.

ಧಾರವಾಡದಲ್ಲಿರುವ ನನ್ನ ದೊಡ್ಡಮ್ಮನ ಮನೆಯಲ್ಲಿ ಹೀಗೆ ಜೋಡಿಸಿಕೊಟ್ಟೆ. ಅಲ್ಲಿ ಕೇಳುವುದೆಲ್ಲ ಹಿಂದೂಸ್ತಾನಿ ಗಾಯನ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೇಳಿ, "ತಂಬೂರಿಯವರು ಹಿಂದೆ ಕೂತಿದ್ದಾರೆ ನೋಡು" ಎಂದರು. ಮೊಬೈಲಿನಲ್ಲಿ ಅದೇ ಕಛೇರಿಯನ್ನು ವರ್ಷಗಟ್ಟಲೆ ಕೇಳಿದವರು ಅವರು. ಸ್ಟೀರಿಯೊ ಎಂದರೇನು ಎಂದು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ತಂತಿಗಳ ಪ್ಲಸ್ ಮೈನಸ್ ಸರಿಯಿದೆಯೇ ಎಂದು ನೋಡಲು 1960ರ ದಶಕದ ಕನ್ನಡ ಚಿತ್ರಗೀತೆಗಳಿಗಿಂತ ಒಳ್ಳೆಯ ಸಾಧನವಿಲ್ಲ, ಏಕೆಂದರೆ ಅವು ಮೋನೊ ಮುದ್ರಣಗಳು, ಅಂದರೆ ಎರಡೂ ಸ್ಪೀಕರಿಗೆ ಒಂದೇ ಸದ್ದು. ಪಿ.ಬಿ. ಶ್ರೀನಿವಾಸ್ ಅವರ ಕಂಠ ಎರಡೂ ಸ್ಪೀಕರುಗಳ ನಟ್ಟನಡುವೆ ನಿಂತು ಹಾಡಬೇಕು. ಅದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಚದುರಿಹೋದರೆ, ಬೇಸ್ ಕೂಡ ಕಾಣೆಯಾಗಿದ್ದರೆ, ಒಂದು ಸ್ಪೀಕರಿನ ತಂತಿ ಅದಲುಬದಲಾಗಿದೆ.

ನಮ್ಮ ಮನೆಗಳ ತೊಂದರೆ ಗಟ್ಟಿ ಮೈಯದು. ನೆಲಕ್ಕೆ ಟೈಲ್ಸ್ ಇಲ್ಲವೇ ಗ್ರಾನೈಟ್, ಗೋಡೆಗೆ ಸಿಮೆಂಟ್, ಮೇಲೆ ಕಾಂಕ್ರೀಟ್. ಸದ್ದು ಎಲ್ಲೂ ಇಂಗುವುದಿಲ್ಲ, ಪುಟಿದು ಪುಟಿದು ಮಾತನ್ನೇ ಮಸುಕಾಗಿಸುತ್ತದೆ. ಸ್ಪೀಕರ್ ಮುಂದೆ ಒಂದು ದಪ್ಪ ಜಮಖಾನೆ ಹಾಸಿ, ಕಿಟಕಿಗೆ ನೆರಿಗೆ ತುಂಬಿದ ಭಾರದ ಪರದೆ ಹಾಕಿ, ಕೂರುವ ಜಾಗದ ಹಿಂದೆ ಪುಸ್ತಕದ ಕಪಾಟು ಇರಲಿ. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಪ್ರಯೋಜನ ತೀರಾ ಕಡಿಮೆ, ಧೂಳು ಮಾತ್ರ ಖಚಿತ.

ಇಷ್ಟೆಲ್ಲ ಆಗಿ ಕೆಲವು ತಿಂಗಳು ಕೇಳಿದ ಮೇಲೂ ಕೆಳಗಿನ ಸ್ವರಗಳು ಸಾಲದು ಎನಿಸಿದರೆ ಆಗ ಸಬ್‌ವೂಫರ್. ನಾನು ಅದರ ವಿರೋಧಿಯಲ್ಲ. ಇಂದಿನ ಸಿನಿಮಾ ಸಂಗೀತ ಕೇಳುವವರಿಗೆ, ಮನೆಯಲ್ಲೇ ಚಿತ್ರ ನೋಡುವವರಿಗೆ ಅದು ನಿಜಕ್ಕೂ ಬೇಕು. ಆದರೆ ಅಗ್ಗದ ಸಬ್‌ವೂಫರ್ ಯಾಕೆ ಕೆಡುತ್ತದೆ ಎಂಬುದಕ್ಕೆ ಭೌತವಿಜ್ಞಾನದ ಕಾರಣವಿದೆ. ಅಮೆರಿಕದ ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು ನಿಯಮ ಪ್ರಸಿದ್ಧವಾಗಿದೆ: ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ಶಕ್ತಿಗೆ ಹೆಚ್ಚು ಸದ್ದು ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಚಿಕ್ಕ ಪೆಟ್ಟಿಗೆಗೆ ಸಾಧಾರಣ ಆಂಪ್ಲಿಫೈಯರ್ ಹಾಕಿ ಜೋರಾಗಿ ನುಡಿಸಬೇಕೆಂದರೆ ಆಳವನ್ನು ಬಿಟ್ಟುಕೊಡಲೇಬೇಕು. ಉಳಿಯುವುದು ಒಂದೇ ಸ್ವರದ ಗುಮ್ಮೆನ್ನುವ ಸದ್ದು. ಹಾಡು ಯಾವುದೇ ಇರಲಿ, ಅದೇ ಗುಮ್.

ಕೋಣೆಯೂ ಅದಕ್ಕೆ ತನ್ನ ಪಾಲು ಸೇರಿಸುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಹಿಡಿಸುವ ಸ್ವರ ಊದಿಕೊಳ್ಳುತ್ತದೆ. 12 ಅಡಿ ಉದ್ದದ ಕೋಣೆಯಲ್ಲಿ ಅದು ಸುಮಾರು 47 ಹರ್ಟ್ಸ್ (ಸೆಕೆಂಡಿಗೆ 47 ಕಂಪನ), 10 ಅಡಿಗೆ ಸುಮಾರು 56 ಹರ್ಟ್ಸ್. ನಮ್ಮಲ್ಲಿ 10x12 ಅಡಿಯ ಕೋಣೆಗೆ 10 ಅಡಿ ಎತ್ತರದ ಛಾವಣಿ ಇರುವುದು ಸಾಮಾನ್ಯ. ಅಗಲವೂ ಎತ್ತರವೂ ಒಂದೇ ಆದ್ದರಿಂದ 56ರ ಆಸುಪಾಸು ಎರಡು ಉಬ್ಬು ಒಂದರ ಮೇಲೊಂದು ಬೀಳುತ್ತವೆ. ಸಬ್‌ವೂಫರನ್ನು ಮೂಲೆಗೆ ತಳ್ಳಿದರೆ ಈ ಉಬ್ಬೆಲ್ಲ ಪೂರ್ತಿ ಎದ್ದು ಬರುತ್ತದೆ. ಜಾಗ ಹುಡುಕಲು ಸುಲಭದ ಉಪಾಯವಿದೆ. ನೀವು ಕೂರುವ ಜಾಗದಲ್ಲಿ ಸಬ್‌ವೂಫರ್ ಇಟ್ಟು ಬೇಸ್ ಇರುವ ಹಾಡು ಹಾಕಿ, ನೀವು ನೆಲದ ಹತ್ತಿರ ಬಗ್ಗಿ ಗೋಡೆಯುದ್ದಕ್ಕೂ ಸರಿಯುತ್ತ ಕೇಳಿ. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೆಯೋ ಅಲ್ಲಿ ಅದನ್ನಿಡಿ.

ಸ್ಪೀಕರಿಗೂ ಸಬ್‌ವೂಫರಿಗೂ ಸ್ವರಗಳನ್ನು ಹಂಚುವ ಗಡಿಯಾದ ಕ್ರಾಸ್‌ಓವರನ್ನು 80 ಹರ್ಟ್ಸ್‌ನಿಂದ ಶುರು ಮಾಡಿ. ಅದಕ್ಕಿಂತ ಬಹಳ ಮೇಲೆ ಹೋದರೆ ಸದ್ದು ಯಾವ ಮೂಲೆಯಿಂದ ಬರುತ್ತಿದೆ ಎಂದು ಕಿವಿ ಗುರುತಿಸಿಬಿಡುತ್ತದೆ. ಗಂಡಸಿನ ಕಂಠದ ಹಾಡು ಹಾಕಿ, ಸಬ್‌ವೂಫರನ್ನು ಆರಿಸಿ ಮತ್ತೆ ಹಚ್ಚಿ. ಕಂಠ ದಪ್ಪವಾದರೆ ಸಬ್‌ವೂಫರಿನ ಸದ್ದು ತಗ್ಗಿಸಿ. ಸಬ್‌ವೂಫರಿನ ಅಲೆಯನ್ನು ತಿರುವುಮುರುವು ಮಾಡುವ ಫೇಸ್ ಸ್ವಿಚ್ಚನ್ನು ಎರಡೂ ಕಡೆ ಹಾಕಿ ನೋಡಿ, ಕೂತ ಜಾಗದಲ್ಲಿ ಬೇಸ್ ತುಂಬಿಕೊಂಡು ಬರುವ ಕಡೆ ಬಿಡಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ರಾತ್ರಿ ಊಟದ ನಂತರ ಸಬ್‌ವೂಫರನ್ನು ಆಫ್ ಮಾಡಲೇಬೇಕು. ಬೇಸ್ ಕಾಂಕ್ರೀಟನ್ನು ಹಿಡಿದು ಕೆಳಗಿನ ಮನೆಗೆ ಇಳಿಯುತ್ತದೆ, ಜಮಖಾನೆಯಿಂದ ಅದು ನಿಲ್ಲುವುದಿಲ್ಲ.

ಹಣ ಇನ್ನೂ ಕಡಿಮೆಯಿದ್ದರೆ ಹಳೆಯ ಸ್ಪೀಕರ್ ಕೊಳ್ಳಲು ಹಿಂಜರಿಯಬೇಡಿ. ಅದುರಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗವಾದ ಕೋನಿನ ಸುತ್ತ ಇರುವ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ರಬ್ಬರ್ ಆಗಿದ್ದರೆ ಬಹುಕಾಲ ಬಾಳುತ್ತದೆ. ಫೋಮ್ ಆಗಿದ್ದರೆ ವರ್ಷಗಳು ಕಳೆದಂತೆ ಪುಡಿಯಾಗಿ ಉದುರುತ್ತದೆ, ನಮ್ಮ ಕರಾವಳಿಯ ತೇವದಲ್ಲಿ ಇನ್ನೂ ಬೇಗ. ಕೋನನ್ನು ಎರಡೂ ಕೈಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿ; ಕರಕರ ಸದ್ದು ಬಂದರೆ ಒಳಗಿನ ತಂತಿಸುರುಳಿ (ಕಾಯಿಲ್) ಉಜ್ಜುತ್ತಿದೆ, ಬಿಟ್ಟುಬಿಡಿ. ಫೋಮ್ ಮಾತ್ರ ಹೋಗಿದ್ದರೆ ಹೊಸದು ಹಾಕಿಸಬಹುದು, ಆ ಕಾರಣಕ್ಕೇ ಬೆಲೆ ಅರ್ಧಕ್ಕಿಳಿಸಿ ಕೇಳಬಹುದು. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ ಕಡೆ ಅಂಚು ಬದಲಿಸಿ ಕಾಯಿಲ್ ನೇರವಾಗಿ ಕೂಡಿಸಿಕೊಡುವ ಅಂಗಡಿ ಯಾವುದಾದರೂ ನಿಮಗೆ ಗೊತ್ತಿದ್ದರೆ ಇಲ್ಲಿ ಬರೆಯಿರಿ. ಅಟ್ಟದ ಮೇಲೆ ಧೂಳು ತಿನ್ನುತ್ತಿರುವ ಎಷ್ಟೋ ಜೋಡಿ ಸ್ಪೀಕರುಗಳು ಅಷ್ಟರಿಂದಲೇ ಮತ್ತೆ ಹಾಡಬಲ್ಲವು.