ಹಕ್ ಫಿನ್‌ನನ್ನು ಸುಧಾರಕ ಮಾಡಬೇಡಿ

ಮಾರ್ಕ್ ಟ್ವೇನ್ ಬರೆದ 'ಹಕಲ್‌ಬೆರಿ ಫಿನ್' ಕಾದಂಬರಿಯ ಬಗ್ಗೆ ಯಾರು ಮಾತಾಡಿದರೂ ಒಂದು ಮಾತು ಬಂದೇ ಬರುತ್ತದೆ. ಓಡಿಹೋದ ಗುಲಾಮ ಜಿಮ್ ಜೊತೆ ತೆಪ್ಪದಲ್ಲಿ ಸಾಗುತ್ತಾ ಸಾಗುತ್ತಾ ಹುಡುಗ ಹಕ್‌ಗೆ ಗುಲಾಮಗಿರಿ ತಪ್ಪು ಅಂತ ಅರಿವಾಯಿತು ಎಂದು. ನಾನು ಇದನ್ನು ಒಪ್ಪುವುದಿಲ್ಲ. ಆ ಹುಡುಗನಿಗೆ ಅದು ಕೊನೆಯವರೆಗೂ ಅರ್ಥವಾಗುವುದಿಲ್ಲ. ಕಾದಂಬರಿಯ ಶಕ್ತಿ ಇರುವುದೇ ಅಲ್ಲಿ.

ಕಥೆ ಹೇಳುವವನು ಹಕ್. ಹದಿಮೂರೋ ಹದಿನಾಲ್ಕೋ ವಯಸ್ಸು, ಅಪ್ಪ ಕುಡುಕ, ಓದು ಅಷ್ಟಕ್ಕಷ್ಟೆ. ಪುಸ್ತಕ ಅಮೆರಿಕದಲ್ಲಿ ಹೊರಬಂದಿದ್ದು 1885ರಲ್ಲಿ. ಅಷ್ಟರಲ್ಲಿ ಗುಲಾಮಗಿರಿ ರದ್ದಾಗಿ 20 ವರ್ಷ ಆಗಿತ್ತು. ಆದರೆ ಕಥೆ ನಡೆಯುವುದು ಇನ್ನೂ ಹಿಂದೆ, ಮಿಸ್ಸಿಸ್ಸಿಪ್ಪಿ ನದಿ ದಂಡೆಯ ಊರುಗಳಲ್ಲಿ. ಅಲ್ಲಿ ಜಿಮ್ ಅಂದರೆ ಮಿಸ್ ವಾಟ್ಸನ್ ಎಂಬಾಕೆಯ ಆಸ್ತಿ. ಓಡಿಹೋದ ಗುಲಾಮನಿಗೆ ನೆರವಾದರೆ ಕಳ್ಳತನ ಮಾಡಿದ ಹಾಗೆ. ಹಕ್ ಇದನ್ನೇ ಕೇಳಿಕೊಂಡು ಬೆಳೆದವನು.

31ನೇ ಅಧ್ಯಾಯವನ್ನು ನಿಧಾನವಾಗಿ ಓದಬೇಕು. ತಾನೊಬ್ಬ ರಾಜ ಎಂದು ಹೇಳಿಕೊಂಡು ತಿರುಗುವ ಮೋಸಗಾರನೊಬ್ಬ ಜಿಮ್‌ನನ್ನು 40 ಡಾಲರಿಗೆ ಮಾರಿಬಿಟ್ಟಿದ್ದಾನೆ. ಹಕ್ ಕೂತು ಮಿಸ್ ವಾಟ್ಸನ್‌ಗೆ ಕಾಗದ ಬರೆಯುತ್ತಾನೆ: ನಿಮ್ಮ ಜಿಮ್ ಇಲ್ಲಿದ್ದಾನೆ, ಹಣ ಕಳಿಸಿದರೆ ಬಿಟ್ಟುಕೊಡುತ್ತಾರೆ. ಬರೆದ ಕೂಡಲೇ ಪಾಪವೆಲ್ಲ ತೊಳೆದುಹೋದ ಹಾಗೆ ಅವನ ಮನಸ್ಸು ಹಗುರಾಗುತ್ತದೆ. ಆಮೇಲೆ ಒಂದೊಂದೇ ನೆನಪಾಗುತ್ತದೆ. ಇವನ ನಿದ್ದೆ ಕೆಡಬಾರದು ಅಂತ ಜಿಮ್ ತನ್ನ ಪಾಳಿ ಮುಗಿದ ಮೇಲೂ ಕಾವಲು ಕೂತಿದ್ದು. ಇವನು ಮಂಜಿನಲ್ಲಿ ದಾರಿ ತಪ್ಪಿ ವಾಪಸ್ ಬಂದಾಗ ಜಿಮ್‌ಗೆ ಆದ ಖುಷಿ. ಹಕ್ ಕಾಗದ ಕೈಗೆತ್ತಿಕೊಂಡು ನಡುಗುತ್ತಾನೆ, ಉಸಿರು ಬಿಗಿಹಿಡಿಯುತ್ತಾನೆ. 'ಸರಿ ಹಾಗಾದ್ರೆ, ನರಕಕ್ಕೇ ಹೋಗ್ತೀನಿ' ಅಂತ ಹರಿದುಹಾಕುತ್ತಾನೆ.

ಇಲ್ಲಿ ಅವನು ಗುಲಾಮಗಿರಿ ತಪ್ಪು ಅನ್ನಲಿಲ್ಲ. ಮಾಡುತ್ತಿರುವುದು ಪಾಪ ಅಂತ ಪೂರ್ತಿ ನಂಬಿಕೊಂಡೇ ಮಾಡಿದ. ನರಕ ಅನ್ನುವುದು ಅವನಿಗೆ ಬಾಯಿಮಾತಲ್ಲ, ಸುಡುವ ಬೆಂಕಿ. ಸುಧಾರಕರಿಗೆ ಸತ್ಯ ನಮ್ಮ ಕಡೆ ಇದೆ ಎಂಬ ಧೈರ್ಯವಾದರೂ ಇರುತ್ತದೆ. ಈ ಹುಡುಗನಿಗೆ ಅದೂ ಇಲ್ಲ. ಇರುವುದು ಜಿಮ್ ಮೇಲಿನ ಪ್ರೀತಿ ಮಾತ್ರ.

ಅನುಮಾನ ಇದ್ದರೆ ಮುಂದಿನ ಅಧ್ಯಾಯ ತೆಗೆಯಿರಿ. ಮರುದಿನವೇ ಹಕ್, ಜಿಮ್‌ನನ್ನು ಕೂಡಿಹಾಕಿರುವ ಸ್ಯಾಲಿ ಎಂಬಾಕೆಯ ಮನೆಗೆ ಹೋಗಿ, ಬರುವಾಗ ಸ್ಟೀಮ್‌ಬೋಟಿನ ಎಂಜಿನ್ ಸಿಡಿಯಿತು ಅಂತ ಸುಳ್ಳು ಕಟ್ಟುತ್ತಾನೆ. ಯಾರಿಗಾದರೂ ಪೆಟ್ಟಾಯಿತಾ ಎಂದು ಆಕೆ ಕೇಳುತ್ತಾಳೆ. 'ಇಲ್ಲ, ಒಬ್ಬ ಕರಿಯ ಸತ್ತ' ಎನ್ನುತ್ತಾನೆ. ಸದ್ಯ, ಕೆಲವು ಸಲ ಜನರಿಗೆ ಪೆಟ್ಟಾಗಿಬಿಡುತ್ತೆ ಅಂತ ಆಕೆ ಸಮಾಧಾನಪಡುತ್ತಾಳೆ. ಆಕೆಯನ್ನು ನಂಬಿಸಲು ಹಾಗೆ ಹೇಳಿದ ಅಂತ ಕೆಲವರು ವಾದಿಸುತ್ತಾರೆ. ಇರಬಹುದು. ಆದರೂ ಆ ಮಾತು ಎಷ್ಟು ಸಲೀಸಾಗಿ ನಾಲಿಗೆಗೆ ಬಂತು ನೋಡಿ.

1895ರ ಒಂದು ಟಿಪ್ಪಣಿಯಲ್ಲಿ ಟ್ವೇನ್ ತಾನೇ ಬರೆದುಕೊಂಡಿದ್ದಾನೆ: ಇದು ಒಳ್ಳೆಯ ಹೃದಯಕ್ಕೂ ವಿಕಾರಗೊಂಡ ಆತ್ಮಸಾಕ್ಷಿಗೂ ಡಿಕ್ಕಿಯಾಗಿ, ಆತ್ಮಸಾಕ್ಷಿ ಸೋಲುವ ಪುಸ್ತಕ ಎಂದು. ಆತ್ಮಸಾಕ್ಷಿ ಹೇಳಿದಂತೆ ನಡೆ ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಕ್‌ನ ಆತ್ಮಸಾಕ್ಷಿಯೊಳಗೆ ಕೂತು ಮಾತಾಡುವುದು ಅವನ ಊರು.

ಇಂಥ ನಿರೂಪಕನ ಕಣ್ಣಿನಿಂದ ಜಿಮ್‌ನನ್ನು ಕಾಣುವುದು ಕಷ್ಟ. ಆದರೂ 23ನೇ ಅಧ್ಯಾಯದಲ್ಲಿ ಜಿಮ್ ತಾನೇ ಕಾಣಿಸಿಕೊಳ್ಳುತ್ತಾನೆ. ನಾಲ್ಕು ವರ್ಷದ ಮಗಳಿಗೆ ಬಾಗಿಲು ಹಾಕು ಅಂದ, ಅವಳು ನಗುತ್ತಾ ನಿಂತಿದ್ದಳು, ಸಿಟ್ಟಿನಲ್ಲಿ ಹೊಡೆದ. ಆಮೇಲೆ ಅವಳ ಬೆನ್ನ ಹಿಂದೆ ಗಾಳಿಗೆ ಬಾಗಿಲು ಧಡ್ ಅಂತ ಬಡಿಯಿತು. ಮಗು ಕದಲಲಿಲ್ಲ. ಜ್ವರ ಬಂದು ಅವಳ ಕಿವಿ ಹೋಗಿತ್ತು. ಜಿಮ್‌ನ ಅಳುವಿಗೇ ಅಧ್ಯಾಯ ಮುಗಿಯುತ್ತದೆ. ಎಲ್ಲದಕ್ಕೂ ಏನಾದರೊಂದು ಹೇಳುವ ಹಕ್ ಇಲ್ಲಿ ಒಂದು ಮಾತೂ ಸೇರಿಸುವುದಿಲ್ಲ.

ಕೊನೆಯ ಅಧ್ಯಾಯಗಳನ್ನು ಓದುವಾಗ ನನಗೆ ಸಿಟ್ಟು ಬರುತ್ತದೆ. ಮಿಸ್ ವಾಟ್ಸನ್ ಸಾಯುವ ಮುಂಚೆ ಉಯಿಲಿನಲ್ಲಿ ಜಿಮ್‌ಗೆ ಬಿಡುಗಡೆ ಬರೆದಿದ್ದಾಳೆ. ಹಕ್‌ನ ಗೆಳೆಯ ಟಾಮ್ ಸಾಯರ್‌ಗೆ ಇದು ಗೊತ್ತು. ಗೊತ್ತಿದ್ದೂ ಸುಮ್ನೆ ಮಜಾಕ್ಕಾಗಿ ಜಿಮ್‌ನನ್ನು ಬಿಡಿಸುವ ಆಟ ಹೂಡಿ, ಅವನಿರುವ ಗುಡಿಸಲಿಗೆ ಇಲಿ, ಹಾವು ತಂದು ಬಿಡುತ್ತಾನೆ. ಹಕ್ ಗೊಣಗುತ್ತಾನೆ, ತಡೆಯುವುದಿಲ್ಲ. ಹುಡುಗ ಬದಲಾದ ಅಂತ ನಂಬಿದವರಿಗೆ ಇಲ್ಲಿ ಲೇಖಕನೇ ಎಡವಿದ ಹಾಗೆ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ, ಹಕ್ ಮೊದಲಿಂದಲೂ ಇಷ್ಟೇ. ಮೂವರೂ ತಪ್ಪಿಸಿಕೊಂಡು ಓಡುವಾಗ ಟಾಮ್‌ಗೆ ಗುಂಡು ತಗುಲುತ್ತದೆ; ಆಗ ಜಿಮ್ ತನ್ನ ಬಿಡುಗಡೆಯನ್ನೇ ಪಣಕ್ಕಿಟ್ಟು, ಡಾಕ್ಟರ್ ಬರುವವರೆಗೆ ಕದಲಲ್ಲ ಎನ್ನುತ್ತಾನೆ. ಅದನ್ನು ಕೇಳಿ ಹಕ್ ಮೆಚ್ಚಿಕೊಳ್ಳುವುದು ಹೀಗೆ: ಇವನು ಒಳಗೆ ಬಿಳಿಯನೇ ಅಂತ ನನಗೆ ಗೊತ್ತಿತ್ತು.