ವರ್ಷದ ಹತ್ತು ಆಲ್ಬಂಗಳಿಗೆ ಅಂಕ ಹಾಕಬೇಕೆ?

ಪ್ರಶ್ನೆ ಇಷ್ಟು: ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಹತ್ತು ಹನ್ನೆರಡು ಜನ ಕೇಳುಗರ ಬಳಗ ಡಿಸೆಂಬರಿನಲ್ಲಿ ಕೂತು, ಆ ವರ್ಷದ ಹತ್ತು ಮೆಚ್ಚಿನ ಆಲ್ಬಂಗಳನ್ನು ಒಂದರಿಂದ ಹತ್ತರವರೆಗೆ ಜೋಡಿಸಿ ಹಂಚಿಕೊಳ್ಳಬೇಕೆ, ಬೇಡವೆ?

ಪರ
ಅಂಕ ಹಾಕಬೇಕೆಂದಾಗಲೇ ಏಳನೆಯ ಹಾಡೂ ಕಿವಿಗೆ ಬೀಳುವುದು

ಇಂಥ ಪಟ್ಟಿಗಳೆಲ್ಲ ಬರೀ ಪ್ರದರ್ಶನ ಎಂಬ ದೂರಿದೆ. ದೂರಿನಲ್ಲಿ ಹುರುಳೂ ಇದೆ. ಡಿಸೆಂಬರ್ 31ರ ರಾತ್ರಿ ಮೊಬೈಲ್ ತಿಕ್ಕುತ್ತ ಹತ್ತು ಹೆಸರು ಹೆಕ್ಕಿದರೆ ಅದು ಜ್ಞಾಪಕಶಕ್ತಿಯ ಪರೀಕ್ಷೆಯಾಗುತ್ತದೆಯೇ ಹೊರತು ಸಂಗೀತದ ಪಟ್ಟಿಯಲ್ಲ. ಫೆಬ್ರವರಿಯಲ್ಲಿ ಬಂದದ್ದು ಮರೆತಿರುತ್ತದೆ, ನವೆಂಬರಿನದು ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿರುತ್ತದೆ. ಇದು ಪಟ್ಟಿಯ ತಪ್ಪಲ್ಲ, ಮಾಡಿದವರ ಅವಸರ.

ಕ್ಯಾಸೆಟ್ಟಿನ ಕಾಲದಲ್ಲಿ ಪೂರ್ತಿ ಕೇಳಿ ಎಂದು ಯಾರೂ ಹೇಳಬೇಕಿರಲಿಲ್ಲ. ಸಿ-60 ಎಂದರೆ ಸೈಡಿಗೆ 30 ನಿಮಿಷ. ಹಾಡು ಹಾರಿಸಬೇಕೆಂದರೆ ಫಾರ್ವರ್ಡ್ ಒತ್ತಿ ಅಂದಾಜಿನಲ್ಲಿ ನಿಲ್ಲಿಸಬೇಕು, ಮುಂದೆ ಹೋಗಿಬಿಟ್ಟರೆ ಹಿಂದಕ್ಕೆ ಸುತ್ತಬೇಕು. ಆ ತಾಪತ್ರಯಕ್ಕಿಂತ ಕೇಳಿಬಿಡುವುದೇ ಸುಲಭವಾಗಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ ‘ನಿತ್ಯೋತ್ಸವ’ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅದು. ಕ್ಯಾಸೆಟ್ಟಿನಲ್ಲಿ ಹಾಡು ಕಲಿತವರಿಗೆ ಒಂದು ಮುಗಿಯುತ್ತಿದ್ದಂತೆ ಮುಂದಿನದರ ಎತ್ತುಗಡೆ ತಾನಾಗಿ ಬಾಯಿಗೆ ಬರುತ್ತದೆ. ಈಗ ಹಾಡು ಸಿಗುವುದು ಬಿಡಿಬಿಡಿಯಾಗಿ, ಅದರಲ್ಲೂ ಮೊದಲ ಚರಣದಷ್ಟೇ. ಪಕ್ಕದಲ್ಲಿ ಅಂಕ ಬರೆಯಬೇಕು, ನಾಲ್ಕು ಜನ ಕೇಳುತ್ತಾರೆ ಎಂಬ ಅಂಜಿಕೆಯಿದ್ದರೆ ಏಳನೆಯ ಹಾಡನ್ನೂ ಕೇಳಲೇಬೇಕಾಗುತ್ತದೆ. ಪಟ್ಟಿಯಿಂದ ಆಗುವ ದೊಡ್ಡ ಉಪಕಾರ ಇದೇ.

ಶುರುಮಾಡುವ ಮೊದಲು ಫೋನಿನಲ್ಲಿ ನಾಲ್ಕು ಸೆಟ್ಟಿಂಗ್ ನೋಡಿಕೊಳ್ಳಬೇಕು. ಹಾಡುಗಳನ್ನು ಹಿಂದುಮುಂದು ಮಾಡಿ ಹಾಕುವ ಶಫಲ್ ತೆಗೆಯಿರಿ. 2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಹಾಡು ಕೇಳುವ ಆ್ಯಪ್ ಸ್ಪಾಟಿಫೈ ತನ್ನ ಆಲ್ಬಂ ಪುಟದ ಮುಖ್ಯ ಗುಂಡಿಯಿಂದ ಶಫಲ್ಲನ್ನು ಇಳಿಸಿತು, ಆದರೂ ಕೈತಪ್ಪಿ ಒತ್ತುವವರು ಕಡಿಮೆಯಿಲ್ಲ. ಆಟೋಪ್ಲೇ ತೆಗೆಯಿರಿ, ಅದಿದ್ದರೆ ಆಲ್ಬಂ ಮುಗಿದರೂ ಆ್ಯಪ್ ನಿಲ್ಲದೆ ಅದೇ ಧಾಟಿಯ ಬೇರೆಯವರ ಹಾಡು ಹಾಕುತ್ತ ಹೋಗುತ್ತದೆ. ‘ಕೊನೆಯ ಹಾಡು ಅದ್ಭುತ’ ಎಂದು ಬರೆದುಕೊಟ್ಟಿರುತ್ತಾರೆ, ಹುಡುಕಿದರೆ ಆ ಹಾಡು ಆಲ್ಬಂನಲ್ಲೇ ಇರುವುದಿಲ್ಲ. ಒಂದು ಹಾಡಿನ ಕೊನೆಯನ್ನು ಮುಂದಿನದರ ಮೊದಲಿಗೆ ಬೆರೆಸುವ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಆಲಾಪನೆಯ ಬಾಲದ ಮೇಲೆ ಕೃತಿಯ ಎತ್ತುಗಡೆ ಹತ್ತಿ ಕೂರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ, ವಾಲ್ಯೂಮ್ ಸಮ ಮಾಡುವ ಸೆಟ್ಟಿಂಗ್. ಎರಡು ರೆಕಾರ್ಡಿಂಗುಗಳಲ್ಲಿ ಒಂದು ತುಸು ಜೋರಾಗಿದ್ದರೆ ಕಿವಿ ಅದನ್ನೇ ‘ಚೆನ್ನಾಗಿದೆ’ ಎನ್ನುತ್ತದೆ. ಒಂದೆರಡು ಡೆಸಿಬಲ್ ಸಾಕು, ಜೋರು ಎಂದು ಗೊತ್ತೂ ಆಗುವುದಿಲ್ಲ. ಸ್ಪಾಟಿಫೈ ಸಾಮಾನ್ಯವಾಗಿ ಎಲ್ಲವನ್ನೂ -14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ, ಆಪಲ್ ಮ್ಯೂಸಿಕ್ -16ರ ಸುತ್ತ. ಹಾಗಾಗಿ ಒಂದು ಆಲ್ಬಂ ಒಂದು ಆ್ಯಪಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಕೇಳಿ ಹೋಲಿಸಿದರೆ ಗಾಯಕರನ್ನು ಹೋಲಿಸಿದಂತಾಗುವುದಿಲ್ಲ. ಬಳಗದವರೆಲ್ಲ ಒಂದೇ ಕಡೆ, ಒಂದೇ ಸೆಟ್ಟಿಂಗಿನಲ್ಲಿ ಕೇಳಬೇಕು.

ಆಗುಂಬೆ, ಹೊಸನಗರದ ಒಳಊರುಗಳಲ್ಲಿ ಕರೆಂಟ್ ಹೋದರೆ ಬೆನ್ನಿಗೇ ಟವರೂ ಹೋಗುತ್ತದೆ. ಆದ್ದರಿಂದ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದೇ ದಾರಿ. 320 ಕೆಬಿಪಿಎಸ್ ಗುಣಮಟ್ಟದಲ್ಲಿ 45 ನಿಮಿಷದ ಆಲ್ಬಂ 108 ಎಂಬಿ ಆಗುತ್ತದೆ. 30 ಆಲ್ಬಂಗೆ ಸುಮಾರು 3.2 ಜಿಬಿ. ಪೇಟೆಗೆ ಬಂದಾಗ ವೈಫೈ ಸಿಕ್ಕಲ್ಲಿ ಇಳಿಸಿಕೊಂಡರೆ ಆಯಿತು. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಹೊಡೆಯುವಾಗ ಸ್ಪೀಕರಿನಲ್ಲಿ ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ತಂಬೂರಿ ಸತ್ತೇ ಹೋಗಿರುತ್ತದೆ, ಉಳಿಯುವುದು ಡ್ರಮ್ಮು ಮಾತ್ರ. ಒಂದು ಸಲ ಇಯರ್‌ಫೋನಿನಲ್ಲಿ, ಒಂದು ವಾರ ಬಿಟ್ಟು ಇನ್ನೊಂದು ಸಲ ಸ್ಪೀಕರಿನಲ್ಲಿ, ಹೀಗೆ ಎರಡು ಸಲ ಕೇಳದವರಿಗೆ ಆ ಆಲ್ಬಂಗೆ ಅಂಕ ಹಾಕುವ ಹಕ್ಕಿಲ್ಲ.

ಯಾವುದು ಆಲ್ಬಂ ಎಂಬುದನ್ನು ಮೊದಲೇ ಬರೆದಿಡದಿದ್ದರೆ ಜಗಳ ಖಂಡಿತ. ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿಯ ನಿಯಮದಲ್ಲಿ ಕನಿಷ್ಠ ಐದು ಬೇರೆ ಬೇರೆ ಟ್ರ್ಯಾಕ್ ಮತ್ತು 15 ನಿಮಿಷ, ಇಲ್ಲವೇ ಟ್ರ್ಯಾಕ್ ಎಷ್ಟಿದ್ದರೂ ಒಟ್ಟು 30 ನಿಮಿಷ ಇರಬೇಕು. ಅದನ್ನು ಹಾಗೇ ತಂದರೆ ನಾಲ್ಕೇ ಹಾಡಿನ, 18 ನಿಮಿಷದ ಕನ್ನಡ ಸಿನಿಮಾ ಆಲ್ಬಂ ಹೊರಗುಳಿಯುತ್ತದೆ. ನಮ್ಮಲ್ಲಿ ನಾಲ್ಕು ಹಾಡು, 15 ನಿಮಿಷ ಸಾಕು ಎನ್ನೋಣ. ಕರೋಕೆ, ಇನ್‌ಸ್ಟ್ರುಮೆಂಟಲ್ ಎಂದು ಅದೇ ಹಾಡನ್ನು ಮತ್ತೆ ತುರುಕಿದ್ದು ಲೆಕ್ಕಕ್ಕಿಲ್ಲ. ಸಿನಿಮಾದ ಹಾಡುಗಳು ಲಿರಿಕಲ್ ವಿಡಿಯೋಗಳಾಗಿ ಒಂದೊಂದೇ ಬರುತ್ತವೆ, ಆಮೇಲೆ ಎಲ್ಲ ಹಾಡೂ ಸೇರಿದ ಜೂಕ್‌ಬಾಕ್ಸ್. ಇಡೀ ಕಟ್ಟು ಒಟ್ಟಿಗೆ ಸಿಕ್ಕ ದಿನವೇ ಅದರ ತಾರೀಖು. ವರ್ಷವನ್ನು ಡಿಸೆಂಬರ್ 1ರಿಂದ ನವೆಂಬರ್ 30ಕ್ಕೆ ಹಿಡಿದರೆ ಡಿಸೆಂಬರಿನ ಆಲ್ಬಂಗಳು ಎರಡೂ ಪಟ್ಟಿಗೆ ತಪ್ಪಿ ಅನಾಥವಾಗುವುದಿಲ್ಲ.

ಇನ್ನು ಎಣಿಕೆ. ಮೊದಲ ಸ್ಥಾನಕ್ಕೆ 10, ಹತ್ತನೆಯದಕ್ಕೆ 1 ಎಂಬ ರೂಢಿಯ ಲೆಕ್ಕದಲ್ಲಿ ಒಂದು ಕೇಡಿದೆ. ಇಬ್ಬರು ಪ್ರಾಣಕ್ಕೆ ಪ್ರಾಣ ಎಂದು ಮೊದಲಿಗಿಟ್ಟ ಆಲ್ಬಂಗೆ 20 ಬರುತ್ತದೆ. ಏಳು ಜನ ‘ಪರವಾಗಿಲ್ಲ’ ಎಂದು ಎಂಟನೆಯ ಜಾಗಕ್ಕೆ ಹಾಕಿದ್ದಕ್ಕೆ ತಲಾ 3ರಂತೆ 21. ಪರವಾಗಿಲ್ಲ ಎಂಬುದು ಗೆದ್ದಿತು! ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆ ವಿಮರ್ಶಕರಿಂದ ನಡೆಸುತ್ತಿದ್ದ ಪ್ಯಾಜ್ ಆ್ಯಂಡ್ ಜಾಪ್ ಮತದಾನದಲ್ಲಿ ಇದಕ್ಕೆ ಮದ್ದಿತ್ತು. ಪ್ರತಿಯೊಬ್ಬರಿಗೂ 100 ಅಂಕ, ಹತ್ತು ಆಲ್ಬಂಗೆ ಹಂಚಬೇಕು, ಒಂದಕ್ಕೆ 5ಕ್ಕಿಂತ ಕಡಿಮೆಯಿಲ್ಲ, 30ಕ್ಕಿಂತ ಹೆಚ್ಚಿಲ್ಲ. ಈ ಲೆಕ್ಕದಲ್ಲಿ ಆ ಇಬ್ಬರದು 60, ಆ ಏಳು ಜನ ತಲಾ 5 ಕೊಟ್ಟರೆ 35. ಅಂಕದ ಪಕ್ಕದಲ್ಲೇ ‘ಎಷ್ಟು ಜನ ಕೇಳಿದರು’ ಎಂಬ ಕಾಲಂ ಇರಲಿ. ನಾಲ್ಕು ಜನರಾದರೂ ಕೇಳದ್ದು ಪಟ್ಟಿಗೆ ಬೇಡ.

ಅಂಕದ ಜೊತೆ ಮೂರು ಸಾಲು ಕಡ್ಡಾಯ, ಅದರಲ್ಲಿ ‘ಸೂಪರ್’, ‘ಮನ ಮುಟ್ಟಿತು’ ನಿಷಿದ್ಧ. ‘ಮೂರನೆಯ ಹಾಡು, 4:10ರಲ್ಲಿ ತಬಲಾ ನಿಂತು ಹಾರ್ಮೋನಿಯಂ ಒಂದೇ ಉಳಿಯುತ್ತದೆ’ ಎಂದು ಬರೆದರೆ ಓದಿದವರು ನೇರ ಅಲ್ಲಿಗೇ ಹೋಗಿ ಕೇಳಿ ಒಪ್ಪಬಹುದು, ಇಲ್ಲವೇ ಬೈಯಬಹುದು.

ಡಿಸೆಂಬರಿನಲ್ಲಿ ಯಾರಿಗೆ ಪುರಸತ್ತು ಎನ್ನುವವರಿಗೆ ಒಂದು ಮಾತು: ಅಡಿಕೆ ಸುಲಿತದ ರಾತ್ರಿಗಿಂತ ಒಳ್ಳೆಯ ಹೊತ್ತು ಸಿಕ್ಕೀತೆ? ಎರಡೂ ಕೈಗೆ ಅಡಿಕೆಯ ಕರೆ, ಮುಂದೆ ಮೆಟ್ಟುಗತ್ತಿ. ಫೋನ್ ಮುಟ್ಟುವಂತಿಲ್ಲ, ಹಾಡು ಹಾರಿಸುವಂತಿಲ್ಲ. ಕ್ಯಾಸೆಟ್ಟಿನ ಶಿಸ್ತು ತಾನಾಗಿ ವಾಪಸು ಬರುತ್ತದೆ.

ವಿರೋಧ
ರಾಶಿ ಅಡಿಕೆಯನ್ನೂ ಗೊರಬಲು ಅಡಿಕೆಯನ್ನೂ ಒಂದೇ ಸಾಲಿಗೆ ನಿಲ್ಲಿಸಬೇಡಿ

ಸುಲಿತದ ಚಪ್ಪರದಲ್ಲಿ ಹಾಡು ಇರುತ್ತದೆ ನಿಜ, ಮಾತಿನ ಅಡಿಯಲ್ಲಿ ಇರುತ್ತದೆ. ಮದುವೆ ಸಂಬಂಧ, ಧಾರಣೆ, ಅಡಿಕೆ ಕೊಯ್ಯುವ ಕೊನೆಗಾರ ಕೈಕೊಟ್ಟದ್ದು ಎಲ್ಲ ಅಲ್ಲೇ ಚರ್ಚೆಯಾಗಬೇಕು. ಸುಲಿಯುವ ಯಂತ್ರ ಬಂದ ಕಡೆಯಂತೂ ಹಾಡು ಕೇಳಿಸುವ ಮಾತೇ ಇಲ್ಲ. ಅಂಥಲ್ಲಿ 4:10ರಲ್ಲಿ ತಬಲಾ ನಿಂತದ್ದನ್ನು ಗುರುತಿಸಿದವರಿದ್ದರೆ ಅವರು ಸುಲಿದ ಅಡಿಕೆಯನ್ನು ಒಮ್ಮೆ ಎಣಿಸಿ ನೋಡಬೇಕು.

ಹಾಸ್ಯ ಸಾಕು, ಲೆಕ್ಕಕ್ಕೆ ಬರೋಣ. ಹನ್ನೆರಡು ಜನ ತಲಾ ಮೂರು ಹೆಸರು ಕೊಟ್ಟು, ಎರಡೆರಡು ಬಂದದ್ದನ್ನು ತೆಗೆದು 25 ಆಲ್ಬಂ ಉಳಿದವು ಎಂದಿಟ್ಟುಕೊಳ್ಳಿ. ಒಂದಕ್ಕೆ 45 ನಿಮಿಷ, ಎರಡು ಸಲ. ಒಬ್ಬೊಬ್ಬರಿಗೆ ಮೂವತ್ತೇಳೂವರೆ ಗಂಟೆ. ಕೊಯ್ಲು, ಬೇಯಿಸುವುದು, ಒಣಗಿಸುವುದು ಎಂದು ಮಲೆನಾಡಿನ ಮನೆಗಳು ಸಂಕ್ರಾಂತಿ ದಾಟುವವರೆಗೆ ಉಸಿರು ಬಿಡದ ಕಾಲದಲ್ಲಿ ಇದು ಆಗುವ ಕೆಲಸವಲ್ಲ. ಆಗದ್ದನ್ನು ಮಾಡಹೊರಟರೆ ಏನಾಗುತ್ತದೆ ಎಂಬುದೂ ಗೊತ್ತಿರುವುದೇ. ದಿನಕ್ಕೆ ಮೂರು ಆಲ್ಬಂ ನುಂಗುತ್ತಾರೆ, ನಾಲ್ಕನೆಯ ದಿನಕ್ಕೆ ಕಿವಿ ಮಂದವಾಗುತ್ತದೆ, ಆಗ ಮೊದಲ ನಿಮಿಷದಲ್ಲೇ ಕಾಲರ್ ಹಿಡಿಯುವ ಹಾಡು ಗೆಲ್ಲುತ್ತದೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ದಾಟಿದರೆ ತಾನೆ ಒಂದು ಕೇಳ್ವಿಕೆಯೆಂದು ಎಣಿಕೆ? ಅದಕ್ಕೆಂದೇ ಪಲ್ಲವಿಯನ್ನು ಮುಂದಕ್ಕೆ ತಂದು ಕಟ್ಟಿದ ಹಾಡುಗಳಿಗೆ ನಾವೂ ಬಹುಮಾನ ಕೊಟ್ಟಂತಾಯಿತು.

100 ಅಂಕದ ಮದ್ದು ಚೆನ್ನಾಗಿದೆ. ಆದರೆ ಅದು ನೂರಾರು ವಿಮರ್ಶಕರ ಮತದಾನಕ್ಕೆ ಮಾಡಿದ ಮದ್ದು. ಹನ್ನೆರಡು ಜನರಲ್ಲಿ ಇಬ್ಬರು ಗೆಳೆಯರು ಟೀ ಅಂಗಡಿಯಲ್ಲಿ ಮಾತಾಡಿಕೊಂಡು ಒಂದೇ ಆಲ್ಬಂಗೆ 30-30 ಹಾಕಿದರೆ 60 ಆಯಿತು. ಐದು ಜನ ಪ್ರಾಮಾಣಿಕವಾಗಿ ತಲಾ 10 ಕೊಟ್ಟದ್ದು 50ಕ್ಕೇ ನಿಂತಿತು. ಮೋಸವೆಂದೂ ಅನ್ನುವಂತಿಲ್ಲ, ನಿಯಮದಲ್ಲೇ ಜಾಗವಿದೆ. ಎರಡನೆಯ ವರ್ಷದ ಹೊತ್ತಿಗೆ ಎಲ್ಲರಿಗೂ ಇದು ಗೊತ್ತಾಗಿರುತ್ತದೆ.

ಎಣಿಕೆ ಸರಿಮಾಡಿದರೂ ಸಾಲು ತಪ್ಪೇ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳನ್ನು ಬೇರೆ ಬೇರೆ ಸುರಿಯುತ್ತಾರೆ. ಪ್ರತಿಯೊಂದಕ್ಕೂ ಅದರದೇ ಧಾರಣೆ. ಒಂದು ರಾಶಿಯ ಗುಣ ನೋಡುವುದು ಇನ್ನೊಂದು ರಾಶಿಯ ಎದುರಿಗಿಟ್ಟು. ಈ ಗೊರಬಲು ಇವತ್ತಿನ ಇಡೀ ಮಂಡಿಯಲ್ಲಿ ಏಳನೆಯದು ಎಂದು ಹೇಳುವವರು ಯಾರೂ ಇಲ್ಲ. ಒಂದು ಗಂಟೆಯ ರಾಗ-ತಾನ-ಪಲ್ಲವಿ, 18 ನಿಮಿಷದ ಸಿನಿಮಾ ಕಟ್ಟು, ಬೆಂಗಳೂರಿನ ಹುಡುಗರ ರಾಕ್ ಬ್ಯಾಂಡ್, ಈ ಮೂರನ್ನು ಒಂದು, ಎರಡು, ಮೂರು ಎಂದು ನಿಲ್ಲಿಸುವ ಅಳತೆಗೋಲು ಎಲ್ಲಿದೆ? ಅಡಿಕೆ ವ್ಯಾಪಾರಕ್ಕಿರುವ ವಿವೇಕ ಸಂಗೀತಕ್ಕೂ ಇರಲಿ.

ಇದಕ್ಕಿಂತ ದೊಡ್ಡ ತಕರಾರು ಬೇರೆ. ಈ ಸೀಮೆಯ ವರ್ಷದ ಒಳ್ಳೆಯ ಸಂಗೀತ ಆಲ್ಬಂ ಆಗಿ ಬರುವುದೇ ಕಡಿಮೆ. ತುಂಗೆಯ ದಡದ ಹೊಸಹಳ್ಳಿಯಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕವಿದೆ. ಒಬ್ಬರು ವಾಚಿಸುತ್ತಾರೆ, ಒಬ್ಬರು ವ್ಯಾಖ್ಯಾನಿಸುತ್ತಾರೆ. ಕುಮಾರವ್ಯಾಸನ ಒಂದೇ ಪದ್ಯದ ಮೇಲೆ ಹತ್ತು ನಿಮಿಷ ನಿಲ್ಲುವುದೂ ಉಂಟು. ಅದಕ್ಕೆ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂಬುದಿಲ್ಲ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ಹೊರಡುತ್ತವೆ. ಬಡಗಿನ ಭಾಗವತರ ಒಂದು ಪದ್ಯ, ಹಿಂದೆ ಜನರೇಟರಿನ ಸದ್ದು, ನಡುವೆ ಯಾರದೋ ಮಗುವಿನ ಅಳು, ಎಲ್ಲ ಸೇರಿ ಒಂದು ಫೋನಿನಿಂದ ಇನ್ನೊಂದಕ್ಕೆ ಹಾರುತ್ತದೆ. ಹೆಗ್ಗೋಡಿನ ನೀನಾಸಂ ತಿರುಗಾಟದ ನಾಟಕದಲ್ಲಿ ಕೇಳಿದ ರಂಗಗೀತೆಯೋ, ಆಕಾಶವಾಣಿ ಭದ್ರಾವತಿಯಲ್ಲಿ ಸಂಜೆ ಬಂದುಹೋದ ಭಾವಗೀತೆಯೋ, ನಾಲ್ಕು ಹಾಡು 15 ನಿಮಿಷ ಎಂಬ ನಿಯಮದ ಬಲೆಗೆ ಇವು ಯಾವುವೂ ಬೀಳುವುದಿಲ್ಲ. ಪಟ್ಟಿ ಹೊರಬಿದ್ದ ಮೇಲೆ ಓದಿದವರಿಗೆ ತೋರುವುದೇನೆಂದರೆ, ಮಲೆನಾಡಿನವರು ಬೇರೆಯವರ ಸಂಗೀತವನ್ನು ಚೆನ್ನಾಗಿ ಕೇಳುತ್ತಾರೆ ಎಂದು.

ವರ್ಷ ಎಂಬ ಗೆರೆಯೂ ನಮ್ಮದಲ್ಲ, ಕ್ರಿಸ್‌ಮಸ್ ಉಡುಗೊರೆಯ ವ್ಯಾಪಾರಕ್ಕೆ ಅನುಕೂಲವಾದ ಗೆರೆ ಅದು. ಆಲ್ಬಂ ಬಂದ ವರ್ಷವೇ ಕೇಳುಗರನ್ನು ಮುಟ್ಟಬೇಕೆಂದೇನೂ ಇಲ್ಲ. ಹಸಿ ಅಡಿಕೆಯ ತೂಕ ನೋಡಿ ಒಣಗಿದ ಮೇಲಿನ ಲೆಕ್ಕ ಬರೆಯುವವರು ಇದ್ದಾರೆಯೆ? ಎರಡು ಸಲ ಕೇಳಿದ ಆಲ್ಬಂಗೆ ಅಂಕ ಹಾಕುವುದೂ ಹಾಗೇ.

ಹಾಗಾದರೆ ಹಂಚಿಕೊಳ್ಳುವುದೇ ಬೇಡವೆ? ಬೇಕು, ವರ್ಷವಿಡೀ ಬೇಕು. 200 ಪುಟದ ಒಂದು ನೋಟ್‌ಬುಕ್ ಸಾಕು. ತಿಂಗಳಿಗೆ ಒಂದೇ ಆಲ್ಬಂ, ಒಂದೇ ಸಂಜೆ. 45 ನಿಮಿಷ ಯಾರೂ ಮಾತಾಡುವಂತಿಲ್ಲ, ಕಾಫಿ ಮೊದಲೇ ಮುಗಿದಿರಬೇಕು. ಆಮೇಲೆ ಯಾರಾದರೂ ಕೇಳಿದ ಎರಡು ಹಾಡನ್ನು ಮತ್ತೆ ಹಾಕಬೇಕು. ಚರ್ಚೆ ಶುರುವಾಗಬೇಕಾದದ್ದು ಆ ಎರಡನೆಯ ಕೇಳ್ವಿಕೆಯ ನಂತರ, ಅದಕ್ಕೂ ಮೊದಲು ಶುರುವಾದರೆ ಗಟ್ಟಿ ಗಂಟಲಿನವರ ಅಭಿಪ್ರಾಯವೇ ಎಲ್ಲರದಾಗುತ್ತದೆ. ಸ್ಪೀಕರನ್ನು ಗೋಡೆಗೆ ಒತ್ತಿ ಮೂಲೆಯಲ್ಲಿ ಇಡಬೇಡಿ. ಮೂಲೆ ತಗ್ಗಿನ ಸ್ವರಗಳನ್ನು ಉಬ್ಬಿಸುತ್ತದೆ, ಮೃದಂಗದ ಎಡಭಾಗ ಡೋಲಿನಂತೆ ಕೇಳುತ್ತದೆ. ಕಿವಿಯ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟು ಗೋಡೆಯಿಂದ ಎರಡು ಅಡಿ ಈಚೆ ತನ್ನಿ. ಸೆಟ್ಟಿಂಗುಗಳ ಬಗ್ಗೆ ಪರ ಬರೆದವರು ಹೇಳಿದ್ದೆಲ್ಲ ಇಲ್ಲೂ ಸರಿ, ಆ ಮೂರು ಸಾಲಿನ ನಿಯಮವೂ ಸರಿ. ಮಳೆಗಾಲದ ತಿಂಗಳುಗಳಲ್ಲಿ ಪುಟ ಬೇಗ ತುಂಬುತ್ತದೆ, ಕೊಯ್ಲಿನ ಎರಡು ತಿಂಗಳು ಖಾಲಿ ಬಿದ್ದರೆ ಬೀಳಲಿ. ಫೋನಿನಲ್ಲಿ ಬಂದ ಭಾಗವತರ ಪದ್ಯಕ್ಕೂ ಅದೇ ಪುಸ್ತಕದಲ್ಲಿ ಜಾಗ ಕೊಡಿ. ಯಾವ ಊರು, ಯಾವ ರಾತ್ರಿ, ಯಾವ ಪ್ರಸಂಗ ಎಂದು ಬರೆದುಕೊಂಡರೆ ಸಾಕು.

ಯುಗಾದಿಗೆ ಹೊರಗೆ ಕೊಡಬೇಕೆನಿಸಿದರೆ ಅಂಕವಿಲ್ಲದೆ ಬಗೆಬಗೆಯಾಗಿ ವಿಂಗಡಿಸಿ, ಅಕಾರಾದಿಯಲ್ಲಿ ಕೊಡಿ. ಜೊತೆಗೆ ಐದು ವರ್ಷ ಹಳೆಯ ಪುಟವನ್ನೂ ತೆಗೆದು, ಇದರಲ್ಲಿ ಯಾವುದನ್ನು ಈ ವರ್ಷ ಯಾರೂ ಹೇಳದೆ ತಾವಾಗಿ ಹಾಕಿಕೊಂಡಿರಿ ಎಂದು ಪ್ರತಿಯೊಬ್ಬರನ್ನೂ ಕೇಳಿ, ಹೆಸರಿನ ಮುಂದೆ ಒಂದು ಗೀಟು ಹಾಕಿ. ಗೀಟು ಬೀಳದ ಹೆಸರನ್ನು ಹೊಡೆದುಹಾಕುವುದು ಬೇಡ, ಹಾಗೇ ಇರಲಿ. ಮುಂದಿನ ಯುಗಾದಿಗೆ ಮತ್ತೆ ಕೇಳಿದರಾಯಿತು.